ಕಬ್ಬಿಣ ಸೋಕದ ಮೈ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದವನು ಚಳ್ಳಕೆರೆಯ ಹೊಸ ಕಂಬಳಿಯೊಂದನ್ನು ಬಿಚ್ಚಿ ನನ್ನ ಕಾಲ ಮೇಲೆ ಹೊದಿಸಿದ. ಪಾಪ, ಚಳಿಗಾಲ, ಮುದುಕನಿಗೆ ಬೆಚ್ಚಗಿರಲಿ ಎಂದು ಪ್ರೀತಿಯಿಂದಲೇ ತಂದಿದ್ದ. ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರಲ್ಲ, ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಂಬಳಿಯನ್ನು ಎತ್ತಿ ಜಗಲಿಯಿಂದ ಅಂಗಳಕ್ಕೆ ಎಸೆದುಬಿಟ್ಟೆ. ಅವನು ಬೆಪ್ಪಾಗಿ ನಿಂತ. ನನ್ನ ಹೆಂಡತಿ ಒಳಗಿನಿಂದ ಬಂದು, "ವಯಸ್ಸಾದ ಮೇಲೆ ಇವರ ಸಿಟ್ಟು ಇಳಿದಿದೆ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಅವನನ್ನೇ ಕೇಳಿ, ಕಂಬಳಿಯನ್ನು ಕೊಡವಿ ಒಳಗಿಟ್ಟಳು.

ಸಿಟ್ಟು ಇಳಿದಿಲ್ಲ, ನಿಜ. ಇಳಿಯುವುದು ನನಗೆ ಬೇಕಾಗಿಯೂ ಇಲ್ಲ. ರಕ್ತ ಯಾಕೆ ಹೆಪ್ಪುಗಟ್ಟುತ್ತದೆ, ಕೆಲವು ಸಲ ಯಾಕೆ ಗಟ್ಟುವುದಿಲ್ಲ ಎನ್ನುವ ಒಂದೇ ಪ್ರಶ್ನೆಯನ್ನು ಹಿಡಿದು ನನ್ನ ವೃತ್ತಿಯೆಲ್ಲ ಕಳೆಯಿತು. ಸಭೆಗಳಲ್ಲಿ ನನ್ನನ್ನು ಪರಿಚಯಿಸುವವರು ಮದರಾಸಿನ ಕಾಲೇಜು, ಹಡಗು ಹತ್ತಿ ಹೋಗಿ ಕೆಲಸ ಮಾಡಿದ ಪ್ರಯೋಗಶಾಲೆ, ಅಲ್ಲಿನ ದೊಡ್ಡವರ ಹೆಸರು ಎಲ್ಲವನ್ನೂ ಹೇಳುತ್ತಾರೆ. ನಾನು ಕೇಳುತ್ತ ಕೂತು ಒಳಗೊಳಗೇ ಹಲ್ಲು ಕಡಿಯುತ್ತೇನೆ. ನಾನು ಕಲಿತದ್ದು ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಲ್ಲಿ, ಒಂದೇ ಒಂದು ವರ್ಷದ ಮಳೆ ಸುಗ್ಗಿಯಲ್ಲಿ, ನನ್ನನ್ನು ಕಂಡರೆ ಪಕ್ಕಕ್ಕೆ ತಿರುಗಿ ಉಗಿಯುತ್ತಿದ್ದ ಜನರ ನಡುವೆ. ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಇಪ್ಪತ್ತನೆಯ ಶತಮಾನ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ ಅದು. ಬೆಂಗಳೂರಿನಲ್ಲಿ ನನ್ನ ಮೇಲಿನವರೊಬ್ಬರಿಗೆ ರೋಗಿಗಳ ಎದುರಿಗೇ "ನೀವು ಹೇಳುತ್ತಿರುವುದು ತಪ್ಪು" ಎಂದಿದ್ದೆ. ಅವರು ಹೇಳಿದ್ದು ತಪ್ಪೇ ಆಗಿತ್ತು. ಆದರೆ ವರ್ಗವಾದದ್ದು ನನಗೆ. ಚಳ್ಳಕೆರೆಯ ಆಸ್ಪತ್ರೆ, ಅದರ ಜೊತೆಗೆ ಆಗಾಗ ಹೋಗಿ ಮೊಳಕಾಲ್ಮೂರಿನ ಔಷಧಾಲಯವನ್ನೂ ನೋಡಿಕೊಳ್ಳಬೇಕು. ರೈಲಿಲ್ಲ, ದಾರಿಯುದ್ದಕ್ಕೂ ನೆರಳಿಲ್ಲ. ಒಂದು ಮೊಂಡು ತಟ್ಟು ಕುದುರೆ ಮತ್ತು ನಾನು. ಅದಕ್ಕೂ ನನಗೂ ಎಣ್ಣೆ ಸೀಗೆಕಾಯಿ.

ಆಸ್ಪತ್ರೆ ಎಂದರೆ ಕಲ್ಲು ಚಪ್ಪಡಿ ಹೊದಿಸಿದ ಒಂದು ಉದ್ದನೆಯ ಕೋಣೆ. ಆ ಸೀಮೆಯ ಗಾಳಿ ಜ್ಯೇಷ್ಠದಲ್ಲಿ ಹಿಡಿದುಕೊಂಡರೆ ಶ್ರಾವಣ ಕಳೆಯುವ ತನಕ ಬಿಡುವುದಿಲ್ಲ. ಮರಳು ಕಣ್ಣಿಗೆ, ಮರಳು ಅನ್ನಕ್ಕೆ, ಮರಳು ನನ್ನ ಗಾಜಿನ ನಳಿಗೆಗಳಿಗೆ. ಈ ನಳಿಗೆಗಳ ವಿಷಯ ಹೇಳಬೇಕು. ಗಾಜಿನ ಕೊಳವೆಯನ್ನು ದೀಪದ ಮೇಲೆ ಕಾಯಿಸಿ ಎಳೆದರೆ ದಾರದಷ್ಟು ಸಣ್ಣ ನಳಿಗೆಯಾಗುತ್ತದೆ. ಬೆರಳು ಚುಚ್ಚಿ ಅದಕ್ಕೆ ರಕ್ತ ತುಂಬಿಸಿ, ಸ್ವಲ್ಪ ಹೊತ್ತು ಬಿಟ್ಟು ಒಂದು ತುದಿಯಿಂದ ಊದಬೇಕು. ಹೆಪ್ಪುಗಟ್ಟಿದ್ದರೆ ಎಷ್ಟು ಊದಿದರೂ ರಕ್ತ ಹೊರಗೆ ಬಾರದು. ಆರೋಗ್ಯವಂತನ ರಕ್ತ ಎಲೆಯಡಿಕೆ ಮಡಿಚಿ ಜಗಿದು ಮುಗಿಸುವಷ್ಟರಲ್ಲಿ ಕಟ್ಟಿಕೊಳ್ಳುತ್ತದೆ. ಮದರಾಸಿನಲ್ಲಿ ಓದುವಾಗ ಹತ್ತಿದ ಹುಚ್ಚು ಇದು. ಚಳ್ಳಕೆರೆಗೆ ಬಂದ ಮೇಲೂ ಜ್ವರವೆಂದು ಬಂದವನನ್ನೂ ಬಿಡದೆ ಚುಚ್ಚುತ್ತಿದ್ದೆ.

ಊರಿಗೆ ಇದಕ್ಕಿಂತ ಹೆಚ್ಚು ಬೇಕೆ? ನಾನು ಬಡವರ ರಕ್ತ ತೆಗೆದು ಸೀಸೆಗೆ ತುಂಬಿಸಿ ದೊರೆಗಳಿಗೆ ಕಳಿಸುತ್ತೇನೆಂದು ಸುದ್ದಿ ಹಬ್ಬಿತು. ತಾಯಂದಿರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದರು. ಒಮ್ಮೆ ಸಂತೆಯ ದಿನ ತಟ್ಟುವಿಗೆ ಕಲ್ಲು ಬಿತ್ತು. ನನ್ನ ಕಂಪೌಂಡರ್ ಹುಸೇನ್ ಸಾಬಿ ಚಳ್ಳಕೆರೆ ಬಜಾರಿನಲ್ಲೇ ಹುಟ್ಟಿ ಬೆಳೆದವನು. ಇಂಥ ಸುದ್ದಿಯನ್ನು ಚಪ್ಪರಿಸಿಕೊಂಡು ತಂದು ಒಪ್ಪಿಸುತ್ತಿದ್ದ.

"ಸಾಬ್, ಬಜಾರ್‌ನಾಗೆ ನಿಮಗೆ ರಕ್ತ ಕುಡಿಯೋ ಡಾಕ್ಟ್ರು ಅಂತ ಹೆಸ್ರು ಬಿದ್ದೈತೆ."

"ನೀನು ಏನಂದೆ?"

"ಛೇ ಛೇ, ಕುಡಿಯಲ್ಲ ಕಣ್ರೋ, ಬರೀ ಊದ್ತಾರೆ ಅಂದೆ."

ಮೊದಲ ಮಳೆ ಬಿತ್ತು. ಹುಲ್ಲು ಚಿಗುರಿತು, ಅದರ ಜೊತೆಗೇ ಹಾವುಗಳೂ ಎದ್ದವು. ಉರಿಮಂಡಲ ಅಂತ ಒಂದು ಹಾವು, ಮೊಳದುದ್ದ ಇದ್ದರೆ ಹೆಚ್ಚು. ಕಲ್ಲಿನ ಬಣ್ಣ, ಕಲ್ಲಿನ ಸಂದಿನಲ್ಲೇ ವಾಸ. ಸುರುಳಿ ಸುತ್ತಿಕೊಂಡು ಮೈಯನ್ನು ಮೈಗೆ ಉಜ್ಜಿ ಸರಸರ ಸದ್ದು ಮಾಡುತ್ತದೆ, ಆಮೇಲೆ ನೆಗೆದು ಕಚ್ಚುತ್ತದೆ. ದನ ಕಾಯುವವರದು, ಕುರಿ ಕಾಯುವವರದು ಎಲ್ಲ ಬರಿಗಾಲು. ಉಳ್ಳಾರ್ತಿ ಕಾವಲಿನ ಕಡೆಯಿಂದ ಒಬ್ಬನನ್ನು ಹೊತ್ತು ತಂದರು. ಆ ಸೀಮೆಗೆಲ್ಲ ಹೆಸರಾಗಿದ್ದ ನಾಟಿ ವೈದ್ಯ ಕತ್ತಿ ತಿಮ್ಮಪ್ಪ ಅವನ ಕಾಲನ್ನು ಕಚ್ಚಿದ ಕಡೆ ಅಡ್ಡ ಉದ್ದ ಕೊಯ್ದು "ಕೆಟ್ಟ ರಕ್ತ" ಹರಿಸಿದ್ದ. ಆ ರಕ್ತ ನಿಲ್ಲಲೇ ಇಲ್ಲ. ಕಟ್ಟು ಬಿಗಿದರೆ ಕಟ್ಟು ನೆನೆಯಿತು, ಹಾಸಿಗೆ ನೆನೆಯಿತು, ಕೊನೆಗೆ ಅವನು ಬಿಳಿಚಿಕೊಂಡು ಸತ್ತ. ಅವನ ರಕ್ತವನ್ನು ನಳಿಗೆಗೆ ತುಂಬಿಸಿಟ್ಟಿದ್ದೆ. ಮಧ್ಯಾಹ್ನ ಊದಿದೆ, ಹೊರಗೆ ಬಂತು. ಸಂಜೆ ಊದಿದೆ, ನೀರಿನಂತೆ ಹೊರಗೆ ಬಂತು. ಮಾರನೆಯ ಬೆಳಗ್ಗೆಯೂ ಬಂತು.

ಮೊಳಕಾಲ್ಮೂರಿಗೆ ಹೋದರೆ ಅಲ್ಲಿಯೂ ಇಂಥದೇ ಒಂದು ಸಾವು. ಆದರೆ ಅಲ್ಲಿ ಕೊಯ್ದವನು ತಿಮ್ಮಪ್ಪನಲ್ಲ, ಸರ್ಕಾರ. ಆ ಕಾಲಕ್ಕೆ ಹಾವಿನ ಕಡಿತಕ್ಕೆಂದು ಊರೂರಿಗೆ ಒಂದು ಪುಟ್ಟ ಚೂರಿ ಹಂಚಿದ್ದರು. ಮರದ ಹಿಡಿ, ಹಿಡಿಯೊಳಗಿನ ಪೊಟರೆಯಲ್ಲಿ ಕಾಲರಾ ಬಂದಾಗ ಬಾವಿಗೆ ಹಾಕುತ್ತಾರಲ್ಲ, ಆ ನೇರಳೆ ಹರಳು. ಕಚ್ಚಿದ ಜಾಗ ಕೊಯ್ದು ಹರಳು ತಿಕ್ಕಬೇಕೆಂದು ಆಜ್ಞೆ. ತಿಮ್ಮಪ್ಪನ ಕತ್ತಿ ತುಕ್ಕು ಹಿಡಿದಿತ್ತು, ಸರ್ಕಾರದ್ದು ಹೊಳೆಯುತ್ತಿತ್ತು. ವ್ಯತ್ಯಾಸ ಅಷ್ಟೆ.

ತಟ್ಟುವಿನ ಮೇಲೆ ಮರಳುವಾಗ ನನಗೆ ವಿಷಯ ಸ್ಪಷ್ಟವಾಯಿತು. ಜಟಿಂಗ ರಾಮೇಶ್ವರನ ಬೆಟ್ಟ ಹಿಂದಾಗುತ್ತಿತ್ತು, ಮೋಡ ಗವ್ ಎನ್ನುತ್ತಿತ್ತು, ನಾನು ಒಬ್ಬನೇ ಜೋರಾಗಿ ಮಾತನಾಡಿಕೊಳ್ಳುತ್ತಿದ್ದೆ. ಈ ಹಾವಿನ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ಕೊಲ್ಲುತ್ತದೆ. ಹಾಗಿರುವಾಗ ಅಂಥ ಮೈಯನ್ನು ಕೊಯ್ಯುವುದೆಂದರೆ ತೂಬಿಲ್ಲದ ಕೆರೆಯ ಏರಿ ಒಡೆದಂತೆ. ಕೊಯ್ಯದೆ, ಅಲುಗಾಡಿಸದೆ ಮಲಗಿಸಿದರೆ ವಿಷ ತಾನಾಗಿ ಕಳೆದು ರಕ್ತ ಮತ್ತೆ ಕಟ್ಟುವ ಶಕ್ತಿ ಪಡೆಯಬಹುದು. ಆದರೆ ಇದನ್ನು ತೋರಿಸುವುದು ಹೇಗೆ? ಕೊಯ್ಯಿಸಿಕೊಳ್ಳದ ಒಬ್ಬನೇ ಒಬ್ಬ ಮನುಷ್ಯ ಆ ಸೀಮೆಯಲ್ಲಿ ಸಿಗುವಂತಿರಲಿಲ್ಲ. ಹಾವು ಕಚ್ಚಿತು ಎಂದರೆ ಒಂದಲ್ಲ ಒಂದು ಕತ್ತಿ ಓಡಿ ಬರುತ್ತಿತ್ತು.

ಸಿಕ್ಕಿದ. ನನ್ನಿವಾಳದ ಆಚೆಗೆ ಒಂದು ಹಟ್ಟಿ. ಅಲ್ಲಿ ದೇವರಿಗೆ ಬಿಟ್ಟ ಎತ್ತುಗಳ ಹಿಂಡು ಇತ್ತು. ಅವುಗಳನ್ನು ನೊಗಕ್ಕೆ ಕಟ್ಟುವಂತಿಲ್ಲ, ಮಾರುವಂತಿಲ್ಲ. ಅವುಗಳನ್ನು ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಆ ಹಟ್ಟಿಯ ಕಿಲಾರಿ ಓಬಯ್ಯ. ಮೇಯಿಸುತ್ತಿದ್ದಾಗ ಅವನ ಹಿಮ್ಮಡಿಯ ಮೇಲೆ ಉರಿಮಂಡಲ ಕಚ್ಚಿತ್ತು. ನಾನು ಆ ದಾರಿಯಲ್ಲೇ ಬರುತ್ತಿದ್ದೆ. ಬನ್ನಿಮರದ ಕೆಳಗೆ ಗುಂಪು ನೋಡಿ ಇಳಿದೆ. ಕಾಲು ಮೊಣಕಾಲ ತನಕ ಊದಿ ಮಲಗಿದ್ದ ಓಬಯ್ಯನ ಪಕ್ಕದಲ್ಲಿ ತಿಮ್ಮಪ್ಪ ಕತ್ತಿ ಹಿಡಿದು ಕೂತು ಬೈಯುತ್ತಿದ್ದ.

"ಲೇ ಓಬ, ಸಾಯ್ತೀಯ ಕಣಲೇ. ಒಂದು ಗೀಟು ಎಳೀತೀನಿ, ಸುಮ್ನಿರು."

"ಸತ್ರೆ ಸಾಯ್ತೀನಿ. ಕಬ್ಬಿಣ ಮಾತ್ರ ಮುಟ್ಟಿಸ್ಬ್ಯಾಡ."

ಆ ಹಟ್ಟಿಯ ಕಟ್ಟು ಹಾಗಿತ್ತು. ಕಿಲಾರಿಯಾದವನ ಮೈಗೆ ಕಬ್ಬಿಣ ಸೋಕಬಾರದು. ಕತ್ತರಿಯಿಲ್ಲ, ಕ್ಷೌರದ ಕತ್ತಿಯಿಲ್ಲ. ಅವನ ಜಡೆ ಸೊಂಟ ಮುಟ್ಟುತ್ತಿತ್ತು. ನನಗೆ ಆ ಕ್ಷಣ ಆದ ಸಂತೋಷವನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ನಾನು ಗುಂಪನ್ನು ತಳ್ಳಿಕೊಂಡು ಒಳಗೆ ನುಗ್ಗಿ, "ಅವನು ಹೇಳುತ್ತಿರುವುದೇ ಸರಿ, ಕತ್ತಿ ಒಳಗಿಡು" ಎಂದೆ. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

"ರಕ್ತ ಕುಡಿಯೋನು ಬಂದ" ಎಂದಿತು ಯಾವುದೋ ದನಿ.

ನಾನು ಪೆಟ್ಟಿಗೆ ತೆಗೆದು ಸೂಜಿ ಹೊರತೆಗೆದಾಗ ಓಬಯ್ಯ ನಕ್ಕ. ಅವನ ಒಸಡಿನಿಂದ ರಕ್ತ ಜಿನುಗುತ್ತಿತ್ತು. "ಡಾಕ್ಟ್ರೇ, ನಿಮ್ ಸೂಜಿ ಏನು ಬೆಣ್ಣೇಲಿ ಮಾಡಿದ್ದೇನ್ರಿ?"

ಅವನ ಹೆಂಡತಿ ಬೋರಕ್ಕ ತಲೆಯ ಹತ್ತಿರ ಕೂತಿದ್ದಳು. ಗಟ್ಟಿ ಆಳು, ಬಾಯಿಯೂ ಗಟ್ಟಿ. ಎದ್ದು ಹೋಗಿ ಬೇಲಿಯ ಜಾಲಿಯಿಂದ ಉದ್ದನೆಯ ಮುಳ್ಳೊಂದನ್ನು ಮುರಿದು ತಂದು ನನ್ನ ಕೈಗಿಟ್ಟಳು.

"ಇದ್ರಾಗೆ ಚುಚ್ರಿ. ಮುಳ್ಳಿಗೆ ಯಾವ ಕಟ್ಟೂ ಇಲ್ಲ. ದಿನಾ ಚುಚ್ಕೊಂಡೇ ಓಡಾಡ್ತೀವಿ."

ಮದರಾಸಿನ ನನ್ನ ಗುರುಗಳು ನೋಡಿದ್ದರೆ ಮೂರ್ಛೆ ಹೋಗುತ್ತಿದ್ದರು. ಮುಳ್ಳನ್ನು ಕುದಿಸಿ ಅವನ ಬೆರಳು ಚುಚ್ಚಿದೆ. ನಳಿಗೆ ತುಂಬಿತು. ಊದಿದೆ, ಹೊರಗೆ ಬಂತು. ಎಷ್ಟು ಹೊತ್ತು ಬಿಟ್ಟು ಊದಿದರೂ ಬಂತು. ಬೆರಳಿನ ಆ ಚುಚ್ಚು ಕೂಡ ಒತ್ತಿ ಹಿಡಿಯದಿದ್ದರೆ ನಿಲ್ಲುತ್ತಿರಲಿಲ್ಲ.

"ಏನ್ ನೋಡ್ತೀರ್ರಿ ಅದ್ರಾಗೆ?" ಬೋರಕ್ಕ ಕೇಳಿದಳು.

"ಹಾಲಿಗೆ ಹೆಪ್ಪು ಹಾಕಿದರೆ ಗಟ್ಟಿಯಾಗುತ್ತಲ್ಲ, ಹಾಗೆ ರಕ್ತದಲ್ಲೂ ಒಂದು ಹೆಪ್ಪು ಇದೆ ತಾಯಿ. ಹಾವು ಅದನ್ನು ಕೆಡಿಸಿದೆ. ಅದು ಮತ್ತೆ ಹುಟ್ಟಬೇಕು. ಹುಟ್ಟುವ ತನಕ ಇವನ ಮೈಮೇಲೆ ಒಂದು ಗೀರೂ ಆಗಬಾರದು."

"ಅಷ್ಟೇನಾ?" ಎಂದಳು. ಇಷ್ಟು ಸುಲಭವಾಗಿ ನನ್ನ ಮಾತನ್ನು ಇಡೀ ಮೈಸೂರು ಸೀಮೆಯಲ್ಲಿ ಇನ್ನೊಬ್ಬರು ಅರ್ಥಮಾಡಿಕೊಂಡಿರಲಿಲ್ಲ.

ನಾನು ಅಲ್ಲೇ ಉಳಿದೆ. ಹಟ್ಟಿಯೊಳಗೆ ಚಪ್ಪಲಿ ಹಾಕಿಕೊಂಡು ಬರುವಂತಿಲ್ಲ, ಪರರು ಮಲಗುವಂತಿಲ್ಲ. ಬೇಲಿಯ ಹೊರಗೆ ಕುರಿರೊಪ್ಪದ ಪಕ್ಕದಲ್ಲಿ ಜಾಗ ಕೊಟ್ಟರು. ಕುರಿಯ ಉಣ್ಣಿಹುಳುಗಳು ಕಡಿದು ಮೈಯೆಲ್ಲ ದದ್ದು. ಮಳೆ ಜಿಟಿಜಿಟಿ ಹಿಡಿದುಕೊಂಡಿತ್ತು. ಹಟ್ಟಿಯ ಪೂಜಾರಿ, ಊರಿನ ಹಿರಿಯ, ಬೆಳಗಾದರೆ ಬಂದು ನಾನು ಇನ್ನೂ ತೊಲಗಿಲ್ಲವೇ ಎಂದು ನೋಡಿಕೊಂಡು ಹೋಗುತ್ತಿದ್ದ. ಊಟ ಕೊಡುತ್ತಿದ್ದವಳು ಬೋರಕ್ಕ ಒಬ್ಬಳೇ. ನವಣೆ ಅನ್ನದ ತಟ್ಟೆಯನ್ನು ಬೇಲಿಯ ಆಚೆಯಿಂದ ತಳ್ಳಿ, "ಉಣ್ರಿ, ನೀವು ಸತ್ರೆ ಊದೋರು ಯಾರು?" ಎನ್ನುತ್ತಿದ್ದಳು.

ಆಗ ಸುಣ್ಣದ ಲವಣ ಕೊಟ್ಟರೆ ರಕ್ತ ಬೇಗ ಕಟ್ಟುತ್ತದೆಂದು ನಾವೆಲ್ಲ ನಂಬಿದ್ದೆವು. ಅದನ್ನೂ ಕೊಟ್ಟು ನೋಡಿದೆ, ಏನೂ ಪ್ರಯೋಜನವಾಗಲಿಲ್ಲ. ಓಬಯ್ಯನ ಒಸಡು ಸೋರಿತು, ಮೂತ್ರ ಕೆಂಪಾಯಿತು, ತೊಡೆ ಕಪ್ಪಾಯಿತು. ಒಂದು ದಿನ ತಿಮ್ಮಪ್ಪ ಬೇಲಿಯ ಹತ್ತಿರ ನಿಂತು, ಇವನು ಸತ್ತರೆ ಡಾಕ್ಟರನ್ನೂ ಜೊತೆಗೇ ಹೂಳಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಗಬಹುದು ಎಂದೆ. ನಿಜವಾಗಿಯೂ ಹೆದರಿದ್ದೆ.

ಆಮೇಲೊಂದು ಬೆಳಗ್ಗೆ ನಳಿಗೆ ಊದಿದೆ. ರಕ್ತ ಹೊರಗೆ ಬರಲಿಲ್ಲ. ಕಿವಿ ಗುಂಯ್ ಎನ್ನುವ ತನಕ ಊದಿದೆ. ಬರಲಿಲ್ಲ. ನಾನು ಆ ಕೆಸರಿನಲ್ಲಿ ಎದ್ದು ಕುಣಿದಿರಬೇಕು, ಏಕೆಂದರೆ ಬೋರಕ್ಕ ಗಾಬರಿಯಾಗಿ ಓಡಿ ಬಂದಳು.

"ಹೆಪ್ಪು ಹತ್ತಿತು ತಾಯಿ!"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತಳು. ನನ್ನ ಕಣ್ಣೂ ಒದ್ದೆಯಾಯಿತು. ಅಷ್ಟರಲ್ಲಿ ಪೂಜಾರಿ ಬಂದು ಆಕಾಶಕ್ಕೆ ಕೈಯೆತ್ತಿ, "ಕಟ್ಟು ಮೀರ್ಲಿಲ್ಲ, ದೇವ್ರು ಕಾದ" ಎಂದ. ನನಗೆ ಎಲ್ಲಿಲ್ಲದ ಕೋಪ ಬಂತು. ದೇವರು ಕಾಯಲಿಲ್ಲ, ಕೊಯ್ಯದೆ ಬಿಟ್ಟದ್ದು ಕಾಯಿತು, ನಾಳೆ ಯಾರಿಗೆ ಕಚ್ಚಿದರೂ ಕೊಯ್ಯಬೇಡಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಅವರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿ ಎದ್ದು ಹೋದರು.

ಓದಿದವರು ಇದಕ್ಕಿಂತ ಮೇಲು ಎಂದುಕೊಂಡಿರಾ? ನನ್ನ ವರದಿ ಓದಿ ಮೇಲಿನ ಡಾಕ್ಟರರು ದುರ್ಗದಿಂದ ತಪಾಸಣೆಗೆ ಬಂದರು. ಕೋಟು, ರುಮಾಲು, ಎರಡು ಗಾಡಿ ಸಾಮಾನು. ಕುರ್ಚಿಯಲ್ಲಿ ಕೂತು ಕಾಫಿ ಕುಡಿದು ಹೇಳಿದರು.

"ಒಬ್ಬ ಬದುಕಿದ. ಅದೂ ಕಾಡಿನಲ್ಲಿ ಅಲೆದ ಗಟ್ಟಿ ಮೈ, ದೇವರ ಹೆಸರಿನ ಧೈರ್ಯ ಬೇರೆ. ಅಂಥವರು ಹೇಗೂ ಬದುಕುತ್ತಾರೆ. ಸಾಧಾರಣ ಜನಕ್ಕೆ ಇದು ಅನ್ವಯಿಸುವುದಿಲ್ಲ. ನೀವು ಚೂರಿ ಉಪಯೋಗಿಸದಿದ್ದರೆ ನಿಮ್ಮನ್ನು ಇದಕ್ಕಿಂತ ಕೆಟ್ಟ ಜಾಗಕ್ಕೆ ಹಾಕಬೇಕಾಗುತ್ತದೆ."

"ಅಂಥದೊಂದು ಜಾಗ ಇದ್ದರೆ ತೋರಿಸಿ ಸಾರ್, ನೋಡಿಕೊಂಡು ಬರುತ್ತೇನೆ."

ಹುಸೇನ್ ಸಾಬಿಗೆ ಕೆಮ್ಮು ಬಂದು ಹೊರಗೆ ಓಡಿದ. ಅವರು ಹೊಸ ಚೂರಿಗಳ ಕಟ್ಟೊಂದನ್ನು ನನ್ನ ಮೇಜಿನ ಮೇಲಿಟ್ಟು ಗಾಡಿ ಹತ್ತಿದರು. ನಾನು ಅದನ್ನು ಬಿಚ್ಚಲಿಲ್ಲ.

ಮಳೆ ಹಿಂದಾಗಿ ನವಣೆ ಕೊಯ್ಲು ಹತ್ತಿತು. ಒಂದು ಮಧ್ಯಾಹ್ನ ಆ ಹಟ್ಟಿಯಿಂದ ಒಬ್ಬ ಏದುಸಿರು ಬಿಡುತ್ತ ಓಡಿ ಬಂದ. ತೆನೆ ಕೊಯ್ಯುತ್ತಿದ್ದ ಬೋರಕ್ಕನ ಮುಂಗೈಗೆ ಉರಿಮಂಡಲ ಕಚ್ಚಿದೆ. ಓಬಯ್ಯ ಎತ್ತುಗಳನ್ನು ಹೊಡೆದುಕೊಂಡು ದೂರದ ಹುಲ್ಲಿಗೆ ಹೋಗಿದ್ದಾನೆ. ನಾನು ತಟ್ಟುವನ್ನು ಅದರ ಜನ್ಮದಲ್ಲೇ ಓಡದಷ್ಟು ಓಡಿಸಿದೆ. ದಾರಿಯುದ್ದಕ್ಕೂ ಒಂದು ಧೈರ್ಯವಿತ್ತು. ಓಬಯ್ಯನನ್ನು ಕಣ್ಣಾರೆ ನೋಡಿದ ಜನ, ಇವಳನ್ನು ಕೊಯ್ದಿರಲಾರರು.

ಕೊಯ್ದಿದ್ದರು. ಮುಂಗೈಯಿಂದ ಮೊಣಕೈ ತನಕ ಮೂರು ಗೀಟು. ಬೋರಕ್ಕ ಹೊಸ ಕಂಬಳಿಯ ಮೇಲೆ ಮಲಗಿದ್ದಳು. ತಿಮ್ಮಪ್ಪ ಕೈ ತೊಳೆಯುತ್ತಿದ್ದ.

"ಯಾಕೆ ಕೊಯ್ದಿರಿ?" ನಾನು ಪೂಜಾರಿಯ ಎದೆಯ ಬಟ್ಟೆ ಹಿಡಿದುಕೊಂಡೆ. "ಓಬಯ್ಯ ಕೊಯ್ಯದೆ ಬದುಕಿದ್ದನ್ನು ನೋಡಿದ್ದಿರಲ್ಲ? ಯಾಕೆ?"

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಮುಖದಲ್ಲಿ ಮೋಸವಿರಲಿಲ್ಲ, ಅದೇ ನನ್ನನ್ನು ಇನ್ನೂ ಉರಿಸಿತು.

"ಅವ್ನು ಕಿಲಾರಿ, ಸಾಮಿ. ಅವ್ನ ಮೈ ದೇವ್ರದ್ದು, ಕಟ್ಟು ಕಾಯ್ತು. ಇವ್ಳೇನ್ ಕಿಲಾರಿಯೇನ್ರಿ? ಹೆಂಗ್ಸು. ಇವ್ಳನ್ನ ಕೊಯ್ಯದೆ ಬಿಟ್ರೆ ಸಾಯಲ್ಲೇನ್ರಿ?"

ಅವರು ಓಬಯ್ಯನನ್ನು ನೋಡಿದ್ದರು, ಚೆನ್ನಾಗಿಯೇ ನೋಡಿದ್ದರು. ನೋಡಿ ಕಲಿತದ್ದು ಇದು. ದುರ್ಗದ ಡಾಕ್ಟರರು ಕಾಫಿ ಕುಡಿಯುತ್ತ ಹೇಳಿದ್ದೂ ಇದೇ ಅಲ್ಲವೇ?

ನನ್ನ ಹತ್ತಿರ ಇದ್ದ ಬಟ್ಟೆಯೆಲ್ಲ ನೆನೆದು ಮುಗಿದ ಮೇಲೆ ಆ ಕಂಬಳಿಯ ಅಂಚನ್ನೇ ಮಡಿಚಿ ಗಾಯಕ್ಕೆ ಒತ್ತಿ ಹಿಡಿದು ಕೂತೆ. ಹೊಸ ಕಂಬಳಿ. ಬಿಸಿ ರಕ್ತಕ್ಕೆ ಹುಣಸೆಬೀಜದ ಗಂಜಿ ಕರಗಿ ಲೋಳೆಯಾಗಿ ನನ್ನ ಮೊಣಕೈ ತನಕ ಇಳಿಯಿತು. ಕೈ ಮರಗಟ್ಟಿದರೂ ಒತ್ತಿ ಹಿಡಿದೇ ಇದ್ದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಹರಿಯಿತು.

"ಊದಿ ನೋಡಿದ್ರೇನ್ರಿ?" ಎಂದು ಬೋರಕ್ಕ ಸಣ್ಣ ದನಿಯಲ್ಲಿ ಕೇಳಿದಳು.

"ನೋಡಿದೆ."

"ಬಂತಾ?"

"ಇಲ್ಲ ತಾಯಿ, ಕಟ್ಟುತ್ತಾ ಇದೆ" ಎಂದೆ. ಅವಳು ನನ್ನ ಮುಖ ನೋಡಿದಳು. "ನಿಮಗೆ ಸುಳ್ಳು ಹೇಳಾಕೆ ಬರಲ್ಲ ಬಿಡ್ರಿ" ಎಂದಳು.

ಓಬಯ್ಯ ಬರುವಷ್ಟರಲ್ಲಿ ಮುಗಿದಿತ್ತು. ಅವನು ಅಳಲಿಲ್ಲ. ಅವಳ ಕೈಯ ಮೂರು ಗೀಟುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಕೊಯ್ಯದೇ ಇದ್ದಿದ್ರೆ ಬದುಕ್ತಿದ್ಲೇನ್ರಿ?"

"ಖಂಡಿತ ಅಂತ ಹೇಳಲಾರೆ ಓಬಯ್ಯ. ಬದುಕೋಕೆ ದಾರಿ ಇತ್ತು. ನೀನು ಬದುಕಿದ್ದು ಅದೇ ದಾರಿಯಲ್ಲಿ."

ಅವನು ತಲೆಯಾಡಿಸಿದ.

ಅವಳ ತಿಥಿಯ ದಿನ ನಾನು ಹೋದೆ. ಯಾರೂ ಕರೆದಿರಲಿಲ್ಲ, ಯಾರೂ ಬಾ ಎನ್ನಲಿಲ್ಲ. ಊಟವಾದ ಮೇಲೆ ಹಟ್ಟಿಯ ಗಂಡಸರೆಲ್ಲ ಬನ್ನಿಮರದ ಕೆಳಗೆ ಕೂತಿದ್ದರು. ಓಬಯ್ಯ ಎದ್ದು ಬಂದು ತನ್ನ ಕೈಯ ಬೆತ್ತವನ್ನು ಪೂಜಾರಿಯ ಮುಂದೆ ನೆಲದ ಮೇಲಿಟ್ಟ. ಕಿಲಾರಿಯ ಬೆತ್ತ ಅದು. ದೇವರ ಎತ್ತುಗಳು ಆ ಬೆತ್ತದ ಹಿಂದೆ ಬಿಟ್ಟರೆ ಬೇರೆಯವರ ಹಿಂದೆ ಹೋಗುತ್ತಿರಲಿಲ್ಲ.

"ಯಾರಾದ್ರೂ ತಗಳ್ರಿ. ನನ್ ಕೈಲಾಗಲ್ಲ."

ಗುಂಪು ಗಲಿಬಿಲಿಗೊಂಡಿತು. ಬೆತ್ತ ಹಿಡಿದವನು ಜೀವನಪೂರ್ತಿ ಜಡೆ ಬಿಟ್ಟುಕೊಂಡು, ಬರಿಗಾಲಲ್ಲಿ, ಕಟ್ಟಿನಲ್ಲಿ ಬದುಕಬೇಕು. ಯಾರ ಕೈಯೂ ಮುಂದೆ ಬರಲಿಲ್ಲ.

"ಏನಾಗ್ಬೇಕೋ ನಿಂಗೆ?" ಎಂದ ಪೂಜಾರಿ.

"ಉರಿಮಂಡಲ ಕಚ್ಚಿದೋರೆಲ್ಲಾ ಕಿಲಾರಿ ಅಂತ ದೇವ್ರ ಮುಂದೆ ಮಾತಾಗ್ಬೇಕು. ಗಂಡಸು, ಹೆಂಗಸು, ಹೊಲೆ, ಮಾದ, ಯಾರೇ ಆಗ್ಲಿ. ಕಬ್ಬಿಣ ಮುಟ್ಟಿಸಂಗಿಲ್ಲ."

"ವದ್ದು, ವದ್ದು!" ಎಂದ ಮೊಳಕಾಲ್ಮೂರು ಕಡೆಯ ಮುದುಕನೊಬ್ಬ, ಬೇಡ ಬೇಡ ಎಂದು ತೆಲುಗಿನಲ್ಲಿ. "ಹೆಂಗಸ್ರು ಕಿಲಾರಿ ಆಗೋದುಂಟೇನಲೇ? ಮೈಲಿಗೆ ಅಲ್ಲೇನಲೇ?" ತಿಮ್ಮಪ್ಪ ಎದ್ದು ನಿಂತು ಬಾಯಿ ಬಡಿದುಕೊಂಡ. ನಾಲ್ಕು ಕಡೆಯಿಂದ ಓಬಯ್ಯನ ಮೇಲೆ ಕೂಗಾಡಿದರು. ನನಗೆ ತಡೆಯಲಾಗಲಿಲ್ಲ. ಇದರಲ್ಲಿ ದೇವರ ಮಾತೇನೂ ಇಲ್ಲ, ರಕ್ತದ ಗುಣ ಎಲ್ಲರಿಗೂ ಒಂದೇ, ನಳಿಗೆಯಲ್ಲಿ ನಾನೇ ತೋರಿಸುತ್ತೇನೆ ಎಂದು ಶುರುಮಾಡಿದೆ. ಓಬಯ್ಯ ಉರಿಯುವ ಕಣ್ಣಿನಿಂದ ನನ್ನ ಕಡೆ ನೋಡಿದ.

"ಡಾಕ್ಟ್ರೇ, ನೀವು ಸುಮ್ಕಿರ್ರಿ. ನಿಮ್ ನಳಿಗೆ ಸುದ್ದಿ ಎತ್ತಿದ್ರೆ ಇವ್ರು ಸತ್ರೂ ಕೇಳಲ್ಲ. ಇದು ನಮ್ ಕಟ್ಟು. ನಿಮಗೆ ಸಂಬಂಧ ಇಲ್ಲ."

ನನಗೆ ಸಂಬಂಧ ಇಲ್ಲ! ಉಣ್ಣಿಹುಳು ಕಡಿಸಿಕೊಂಡು ಕುರಿರೊಪ್ಪದಲ್ಲಿ ಮಲಗಿದವನು ನಾನು. ಮೇಲಿನವರ ಕೈಯಲ್ಲಿ ಉಗಿಸಿಕೊಂಡವನು ನಾನು. ಅಷ್ಟೂ ಜನರ ಎದುರು ನಾನು ಬಾಯಿ ಮುಚ್ಚಿಕೊಂಡು ಕೂತೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಮಾಡಿಲ್ಲ.

ಸಂಜೆಯಾಯಿತು. ರೊಪ್ಪದಲ್ಲಿ ಮೇಯದೆ ಕುಡಿಯದೆ ನಿಂತ ಎತ್ತುಗಳು ಒಂದಾದ ಮೇಲೊಂದು ಕೂಗತೊಡಗಿದವು. ಆ ಕೂಗು ಕೇಳುತ್ತ ಕೂರುವುದು ಆ ಜನಕ್ಕೆ ಆಗದ ಮಾತು. ಓಬಯ್ಯ ಕದಲಲಿಲ್ಲ. ಕೊನೆಗೆ ಪೂಜಾರಿ ಮುಖ ಗಂಟು ಹಾಕಿಕೊಂಡೇ ಎದ್ದು, ದೇವರ ಭಂಡಾರದ ಅರಿಸಿನ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಹೇಳಿದ.

"ಹಾವು ಮುಟ್ಟಿದ ಗಳಿಗೆಯಿಂದ ಗಾಯ ಮಾಯೋ ತನಕ ಕಿಲಾರಿ. ಆಮ್ಯಾಲಲ್ಲ. ತಗಳೋ, ಎತ್ಕೋ ಬೆತ್ತಾನ."

ನಾನು ತಟ್ಟು ಹತ್ತಿ ಬಂದೆ. ದಾರಿಯಲ್ಲಿ ಎಲ್ಲರನ್ನೂ ಬೈದುಕೊಂಡೆ. ಪೂಜಾರಿಯನ್ನು, ದುರ್ಗದ ಡಾಕ್ಟರರನ್ನು, ಓಬಯ್ಯನನ್ನು ಕೂಡ. ನಿಜವನ್ನು ಸುಳ್ಳಿನ ಬಟ್ಟೆ ಉಡಿಸಿ ಕಳಿಸಿದನಲ್ಲ ಎಂದು ಹೊಟ್ಟೆ ಉರಿದುಹೋಯಿತು. ಇದರಿಂದ ಏನೂ ಆಗುವುದಿಲ್ಲ ಎಂದು ಹುಸೇನ್ ಸಾಬಿಗೂ ಹೇಳಿದೆ.

ಹುರುಳಿ ಕೀಳುವ ಕಾಲಕ್ಕೆ ಉಳ್ಳಾರ್ತಿ ಕಡೆಯಿಂದ ನಿಂಗಕ್ಕ ಎನ್ನುವ ಮುದುಕಿಯನ್ನು ಜೋಲಿ ಕಟ್ಟಿ ಹೊತ್ತುಕೊಂಡು ಆಸ್ಪತ್ರೆಗೆ ತಂದರು. ಓಬಯ್ಯನ ಹಟ್ಟಿಯವಳೂ ಅಲ್ಲ, ಅವನ ಕುಲದವಳೂ ಅಲ್ಲ. ಪಾದದ ಮೇಲೆ ಎರಡು ಹಲ್ಲಿನ ಗುರುತು, ಊತ, ಒಸಡಿನಲ್ಲಿ ರಕ್ತ. ನಾನು ಬಗ್ಗಿ ನೋಡಿದೆ. ಕಾಲಿನ ಮೇಲೆ ಒಂದು ಗೀರಿರಲಿಲ್ಲ. ಮತ್ತೆ ನೋಡಿದೆ. ಇರಲಿಲ್ಲ. ಅಷ್ಟರಲ್ಲಿ ಅವಳ ಕಣ್ಣು ಮೇಜಿನ ಮೇಲೆ ಬಿಚ್ಚದೇ ಬಿದ್ದಿದ್ದ ಚೂರಿಗಳ ಕಟ್ಟಿನ ಕಡೆ ಹೋಯಿತು.

"ಏಯ್, ದೂರ ನಿಂತ್ಕಳೋ!" ಎಂದು ಕಿರುಚಿದಳು. "ಕಬ್ಬಿಣ ಹತ್ರ ತಂದ್ರೆ ಕೈ ಮುರೀತೀನಿ. ನಾನೀಗ ಕಿಲಾರಿ ಕಣೋ, ರಕ್ತ ಕುಡಿಯೋನೆ!"

ನಾನು ದೂರ ನಿಂತೆ. ಬೆರಳು ಚುಚ್ಚಲೂ ಬಿಡುತ್ತಿರಲಿಲ್ಲ, ನಾನು ಕೇಳಲೂ ಇಲ್ಲ. ಅವಳು ಅಲ್ಲಿದ್ದಷ್ಟು ದಿನವೂ ನನ್ನ ಅಪ್ಪನನ್ನು, ಅಜ್ಜನನ್ನು, ನಾನು ಓದಿದ ಶಾಲೆಯನ್ನು ಬೈದಳು. ಒಸಡಿನ ರಕ್ತ ನಿಂತಿತು, ಊತ ಇಳಿಯಿತು. ಒಂದು ಬೆಳಗ್ಗೆ ಎದ್ದು ಕುಂಟುತ್ತ ಹೊರಟಳು. ಬಜಾರಿನ ನಡುವೆ ನಿಂತು, ಈ ಡಾಕ್ಟರ ಕೈಗೆ ಸಿಗದಂತೆ ದೇವರೇ ನನ್ನನ್ನು ಕಾದ ಎಂದು ಕಂಡವರಿಗೆಲ್ಲ ಸಾರಿದಳು.

"ಹೌದು ತಾಯಿ, ದೇವರೇ ಕಾದ!" ಎಂದು ನಾನು ಬಾಗಿಲಿನಿಂದ ಕೂಗಿದೆ. ಹುಸೇನ್ ಸಾಬಿ ಬಾಯಿ ತೆರೆದು ನನ್ನನ್ನೇ ನೋಡಿದ. ಅವನಿಗೆ ಮುಖ ತೋರಿಸಲಾಗದೆ ಒಳಗೆ ಹೋದೆ. ಬೋರಕ್ಕನಿಗೆ ಮಾತ್ರ ತಡವಾಯಿತು.